ಯಾರ ಬ್ಯಾಗ್ ಮೊದಲು ಚೆಕ್ ಆಗುತ್ತೆ? ಬಡವರ ಏರಿಯಾ ಮತ್ತು ಅಪರಾಧದ ಥಿಯರಿಗಳ ಕಥೆ

ಬಸ್ಸಲ್ಲೋ ಮೆಟ್ರೋದಲ್ಲೋ ಕೇಳ್ತಾ ಇದ್ರೆ ವಾಲ್ಯೂಮ್ ಸ್ವಲ್ಪ ಜಾಸ್ತಿ ಮಾಡ್ಕೊಳ್ಳಿ, ಇವತ್ತಿನ ಎಪಿಸೋಡ್‌ನಲ್ಲಿ ಇಸವಿಗಳು ಜಾಸ್ತಿ ಇವೆ. ಓದ್ತಾ ಇರೋರಿಗೆ ಆ ಕಷ್ಟ ಇಲ್ಲ, ಹಿಂದೆ ಹೋಗಿ ನೋಡ್ಕೋಬಹುದು.

ಒಂದು ಕ್ಯಾಲ್ಕುಲೇಟರ್‌ನಿಂದ ಶುರು ಮಾಡ್ತೀನಿ. ನಾನು ಪಿಯುಸಿ ಕಾಮರ್ಸ್ ಓದಿದ್ದು ಹುಬ್ಬಳ್ಳಿಯಲ್ಲಿ. ಸೆಕೆಂಡ್ ಇಯರ್‌ನಲ್ಲಿ ಒಂದು ದಿನ ಅಕೌಂಟೆನ್ಸಿ ಕ್ಲಾಸ್ ಮುಗಿಯೋ ಹೊತ್ತಿಗೆ ಒಬ್ಬ ಹುಡುಗಿಯ ಕ್ಯಾಲ್ಕುಲೇಟರ್ ಕಾಣೆಯಾಗಿತ್ತು. ಲೆಕ್ಚರರ್ ಬಾಗಿಲು ಹಾಕಿಸಿದ್ರು. ಎಲ್ಲರ ಬ್ಯಾಗ್ ಚೆಕ್ ಮಾಡ್ತೀನಿ ಅಂದ್ರು. ಅಂದವರು ಮೊದಲನೇ ಬೆಂಚ್‌ನಿಂದ ಶುರು ಮಾಡಲಿಲ್ಲ, ಕೊನೇ ಬೆಂಚ್‌ನಿಂದಲೂ ಅಲ್ಲ. ನೇರವಾಗಿ ನಾಲ್ಕನೇ ಬೆಂಚ್‌ಗೆ, ನನ್ನ ಪಕ್ಕ ಕೂತಿದ್ದ ಗೆಳೆಯನ ಹತ್ತಿರ ಬಂದ್ರು. ಅವನ ಬ್ಯಾಗ್ ತೆಗೆಸಿ ಬೆಂಚಿನ ಮೇಲೆ ಸುರಿದ್ರು. ಕ್ಯಾಲ್ಕುಲೇಟರ್ ಇರಲಿಲ್ಲ. ಚೆಕಿಂಗ್ ಅಲ್ಲಿಗೇ ನಿಂತಿತು. ಉಳಿದ ಅರವತ್ತು ಚಿಲ್ಲರೆ ಬ್ಯಾಗ್‌ಗಳನ್ನ ಯಾರೂ ಮುಟ್ಟಲಿಲ್ಲ. ಮಾರನೇ ದಿನ ಆ ಹುಡುಗಿ ಬಂದು, ಟ್ಯೂಷನ್‌ನಲ್ಲೇ ಬಿಟ್ಟು ಬಂದಿದ್ದೆ ಅಂದಳು. ಕ್ಲಾಸ್ ನಕ್ಕಿತು. ನಾನೂ ನಕ್ಕೆ.

ನನ್ನ ಗೆಳೆಯನ ಮನೆ ಇದ್ದದ್ದು ಸೆಟ್ಲಮೆಂಟ್‌ನಲ್ಲಿ. ಹುಬ್ಬಳ್ಳಿಯವರಿಗೆ, ಗದಗ-ಬೆಟಗೇರಿಯವರಿಗೆ ಈ ಹೆಸರು ಹೇಳಿದ್ರೆ ಸಾಕು. ಬೇರೆ ಊರಿನವರಿಗೆ ಇದು ಲೇಔಟ್, ಎಕ್ಸ್‌ಟೆನ್ಷನ್ ಥರ ಒಂದು ಏರಿಯಾ ಹೆಸರು ಅನ್ಸುತ್ತೆ. ನನಗೂ ಹಾಗೇ ಅನ್ಸಿತ್ತು. ಅದು ಒಂದು ಕಾನೂನಿನ ಹೆಸರು, ಒಂದು ಥಿಯರಿಯ ಹೆಸರು ಅಂತ ಗೊತ್ತಾಗೋ ಹೊತ್ತಿಗೆ ನನಗೆ ಇಪ್ಪತ್ತೈದು ದಾಟಿತ್ತು.

ಅಪರಾಧ ಬಡವರ ಏರಿಯಾಗಳಲ್ಲೇ ಯಾಕೆ ಜಾಸ್ತಿ ಅನ್ನೋ ಪ್ರಶ್ನೆಯನ್ನ ನೂರೈವತ್ತು ವರ್ಷದಿಂದ ದೊಡ್ಡ ದೊಡ್ಡವರು ಕೇಳ್ತಾ ಬಂದಿದ್ದಾರೆ. ಅವರು ಕೊಟ್ಟ ಉತ್ತರಗಳು ಬರೀ ಪುಸ್ತಕದಲ್ಲಿ ಉಳಿಯಲಿಲ್ಲ, ಕೆಲವು ಕಡೆ ಬೇಲಿಯಾಗಿ ಎದ್ದು ನಿಂತವು. ಅದರ ಕಥೆ ಇವತ್ತು.

1871ರ ಅಕ್ಟೋಬರ್ 12. ಬ್ರಿಟಿಷ್ ಇಂಡಿಯಾದಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ಜಾರಿಗೆ ಬಂತು. ಅಪರಾಧಿ ಬುಡಕಟ್ಟುಗಳ ಕಾಯ್ದೆ. ಆಗ ವೈಸ್‌ರಾಯ್ ಕೌನ್ಸಿಲ್‌ನಲ್ಲಿ ಕಾನೂನು ಸದಸ್ಯ ಆಗಿದ್ದವರು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ಈ ಬಿಲ್ ಪರವಾಗಿ ಕೊಟ್ಟ ವಾದ ಕೇಳೋಕೆ ತುಂಬಾ ಸಿಂಪಲ್. ಈ ದೇಶದಲ್ಲಿ ಬಡಗಿಯ ಮಗ ಬಡಗಿ ಆಗ್ತಾನೆ, ನೇಕಾರನ ಮಗ ನೇಕಾರ. ಹಾಗಾದ್ರೆ ಕಳ್ಳತನವನ್ನೇ ಕುಲಕಸುಬು ಮಾಡ್ಕೊಂಡವರೂ ಇರಲೇಬೇಕು, ಅವರ ಮಕ್ಕಳೂ ಕಳ್ಳರೇ ಆಗ್ತಾರೆ. ನಮ್ಮ ಜಾತಿ ವ್ಯವಸ್ಥೆಯನ್ನ ನಮಗಿಂತ ಹೆಚ್ಚು ನಂಬಿದವರು ಬ್ರಿಟಿಷರು ಅಂತ ನನಗೆ ಒಮ್ಮೊಮ್ಮೆ ಅನ್ಸುತ್ತೆ.

ಇದಾಗಿ ಐದು ವರ್ಷಕ್ಕೆ, 1876ರಲ್ಲಿ, ಇಟಲಿಯ ಡಾಕ್ಟರ್ ಚೆಸಾರೆ ಲೊಂಬ್ರೋಸೋ ತನ್ನ ಪುಸ್ತಕ ತಂದ. ಅಪರಾಧಿಗಳು ಹುಟ್ಟುತ್ತಲೇ ಬೇರೆ ಥರ ಇರ್ತಾರೆ, ತಲೆಬುರುಡೆ, ದವಡೆ, ಕಿವಿ ನೋಡಿ ಹೇಳಬಹುದು ಅನ್ನೋದು ಅವನ ಥಿಯರಿ. ದಕ್ಷಿಣ ಇಟಲಿಯ ಕಲಾಬ್ರಿಯಾ ಅನ್ನೋ ಬಡ ಪ್ರಾಂತ್ಯದ ವಿಲ್ಲೆಲ್ಲಾ ಅನ್ನೋ ಒಬ್ಬ ಖೈದಿಯ ಬುರುಡೆಯ ಒಳಗೆ ಒಂದು ತಗ್ಗು ಕಂಡಿದ್ದೇ ಅವನಿಗೆ ದೊಡ್ಡ ಸಾಕ್ಷಿ. 1913ರಲ್ಲಿ ಇಂಗ್ಲೆಂಡ್‌ನ ಜೈಲು ಡಾಕ್ಟರ್ ಚಾರ್ಲ್ಸ್ ಗೋರಿಂಗ್ ಸುಮಾರು 3,000 ಖೈದಿಗಳನ್ನ ಅಳೆದು, ಅಂಥ ಬೇರೆ ಜಾತಿಯ ಮನುಷ್ಯ ಇಲ್ಲವೇ ಇಲ್ಲ ಅಂತ ತೋರಿಸಿದ. ಲೊಂಬ್ರೋಸೋ ವಿಷಯ ಇಷ್ಟು ಸಾಕು. ಅವನ ಬಗ್ಗೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿದೆ.

ನಮ್ಮ ಕಾಯ್ದೆಯ ಬಗ್ಗೆ ಅಷ್ಟಿಲ್ಲ, ಅದಕ್ಕೇ ಅದರ ಮೇಲೆ ಜಾಸ್ತಿ ಹೊತ್ತು ಕೂರ್ತೀನಿ. ಕಾಯ್ದೆ ಕೆಲಸ ಮಾಡ್ತಿದ್ದ ರೀತಿ ಹೀಗೆ. ಸರ್ಕಾರ ಒಂದು ಸಮುದಾಯದ ಹೆಸರನ್ನ ಗೆಜೆಟ್‌ನಲ್ಲಿ ಹಾಕಿದ್ರೆ ಮುಗೀತು, ಆ ಸಮುದಾಯ ಅಪರಾಧಿ. ಆ ನೋಟಿಫಿಕೇಷನ್ ಸರಿಯೋ ತಪ್ಪೋ ಅಂತ ಯಾವ ಕೋರ್ಟೂ ಪ್ರಶ್ನೆ ಮಾಡೋ ಹಾಗಿಲ್ಲ, ಅದನ್ನ ಕಾಯ್ದೆಯಲ್ಲೇ ಬರೆದಿದ್ರು. ಆಮೇಲೆ ಹೆಸರು ನೋಂದಣಿ, ಹಾಜರಿ, ಊರು ಬಿಟ್ಟು ಹೋಗಬೇಕಂದ್ರೆ ಪಾಸ್. ಮೊದಲು ಇದು ಉತ್ತರ ಭಾರತಕ್ಕೆ ಮಾತ್ರ ಇತ್ತು. 1911ರಲ್ಲಿ ಹೊಸ ಕಾಯ್ದೆ ತಂದು ಬಾಂಬೆ, ಮದ್ರಾಸ್ ಪ್ರಾಂತ್ಯಗಳಿಗೂ ಹಬ್ಬಿಸಿದ್ರು. ಆಗ ಹುಬ್ಬಳ್ಳಿ, ಗದಗ, ಬಿಜಾಪುರ ಎಲ್ಲ ಬಾಂಬೆ ಪ್ರಾಂತ್ಯದಲ್ಲಿದ್ವು.

ಬಿಜಾಪುರದಲ್ಲಿ ಸ್ಟಾರ್ಟ್ ಅನ್ನೋ ಐಸಿಎಸ್ ಅಧಿಕಾರಿ ಇದ್ದ. ಈ ಸಮುದಾಯಗಳನ್ನ ಒಂದು ಕಡೆ ಕೂರಿಸಿ, ಕೆಲಸಕ್ಕೆ ಹಚ್ಚಿ, ಮಕ್ಕಳಿಗೆ ಸ್ಕೂಲ್ ಮಾಡಿ ಸುಧಾರಿಸಬಹುದು ಅಂತ ನಂಬಿದವನು. ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರದಲ್ಲಿ ಸೆಟ್ಲಮೆಂಟ್‌ಗಳು ಎದ್ದವು. ಕೊರವರು, ಹರಣಶಿಕಾರಿಗಳು, ಕಂಜರಭಾಟರು, ಛಪ್ಪರಬಂದರು, ಘಂಟಿಚೋರರು ಹೀಗೆ ಬೇರೆ ಬೇರೆ ಜನ. ಆ ಊರುಗಳಲ್ಲಿ ಹತ್ತಿ ಗಿರಣಿಗಳಿದ್ವು, ಗಿರಣಿಗೆ ಕೈಗಳು ಬೇಕಿತ್ತು. ಸುಧಾರಣೆಯೂ ಆಯ್ತು, ಅಗ್ಗದ ಕೂಲಿಯೂ ಸಿಕ್ತು. ಘಂಟಿಚೋರ್ ಅನ್ನೋ ಹೆಸರು ಇವತ್ತಿಗೂ ನಮ್ಮ ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದೆ. ಅಂದ್ರೆ ಒಬ್ಬ ಹುಡುಗ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕಂದ್ರೆ ಚೋರ್ ಅಂತ ಬರೆದಿರೋ ಸರ್ಟಿಫಿಕೇಟ್ ತಗೊಂಡು ಹೋಗಬೇಕು.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಈ ಜನ ಮೊದಲು ಏನು ಮಾಡ್ತಿದ್ರು? ಕೊರವರ ವಿಷಯ ತಗೊಳ್ಳಿ. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ ಇವರ ಬಗ್ಗೆ 2001ರಲ್ಲಿ ಒಂದು ಪುಸ್ತಕ ತಂದಿದ್ದಾರೆ. ಕತ್ತೆ, ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಕರಾವಳಿಯಿಂದ ಒಳನಾಡಿಗೆ ಬಂದು ಮಾರೋದು, ವಾಪಸ್ ಹೋಗುವಾಗ ಧಾನ್ಯ ಒಯ್ಯೋದು ಇವರ ವ್ಯಾಪಾರ. ಒಳ್ಳೇ ಲಾಜಿಸ್ಟಿಕ್ಸ್ ಬಿಸಿನೆಸ್, ಕಾಮರ್ಸ್‌ನವನಾಗಿ ಹೇಳ್ತಿದ್ದೀನಿ. 1850ರ ದಶಕದಿಂದ ರೈಲು ಬಂತು, ಉಪ್ಪಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯ್ತು, ಮೇಲೆ 1876ರ ಬರ. ವ್ಯಾಪಾರ ಸತ್ತಿತು. ಆದ್ರೆ ಊರೂರು ಅಲೆಯೋದು ನಿಲ್ಲಲಿಲ್ಲ, ಬೇರೆ ದಾರಿ ಇರಲಿಲ್ಲ. ನಿನ್ನೆ ತನಕ ಉಪ್ಪು ತರ್ತಿದ್ದವನು ಇವತ್ತು ಏನೂ ಇಲ್ಲದೆ ಊರ ಹೊರಗೆ ಟೆಂಟ್ ಹಾಕಿದ್ರೆ ಊರವರು ಅನುಮಾನ ಪಡ್ತಾರೆ. ಕೆಲವರು ಕಳ್ಳತನವನ್ನೂ ಮಾಡಿರಬಹುದು, ಮಾಡಿಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ರೈಲನ್ನ ತಂದವರು ಸರ್ಕಾರದವರು, ಅವರ ವರದಿಯಲ್ಲಿ ಕಾರಣ ಅಂತ ಬರೆದದ್ದು ಕುಲ.

ಇನ್ನೊಂದು ಸೂಕ್ಷ್ಮ ಇದೆ, ನಮ್ಮ ಆಡಿಟಿಂಗ್ ಪೇಪರ್ ಓದಿದವರಿಗೆ ಬೇಗ ಹೊಳೆಯುತ್ತೆ. ಹಾಜರಿ ತಪ್ಪಿಸಿದ್ರೆ ಅದೇ ಒಂದು ಅಪರಾಧ. ಪಾಸ್ ಇಲ್ಲದೆ ಪಕ್ಕದ ಊರಿನ ಸಂಬಂಧಿಕರ ಮದುವೆಗೆ ಹೋದ್ರೆ ಅದೂ ಅಪರಾಧ. ಬೇರೆ ಯಾರು ಮಾಡಿದ್ರೂ ಅಪರಾಧ ಅಲ್ಲದ ಕೆಲಸಕ್ಕೆ ಇವರಿಗೆ ಶಿಕ್ಷೆ. ಆ ಶಿಕ್ಷೆ ರಿಜಿಸ್ಟರ್‌ನಲ್ಲಿ ಬರುತ್ತೆ. ರಿಜಿಸ್ಟರ್ ತೆಗೆದು ನೋಡಿದ ಅಧಿಕಾರಿ, ನೋಡಿ ಈ ಸಮುದಾಯದಲ್ಲಿ ಎಷ್ಟೊಂದು ಶಿಕ್ಷೆ ಆದವರಿದ್ದಾರೆ, ನಾವು ಹೇಳಿದ್ದು ನಿಜ ಅಂತಾನೆ. ತಾನೇ ಬರೆದ ವೋಚರ್ ತಾನೇ ಪಾಸ್ ಮಾಡ್ಕೊಂಡ ಹಾಗೆ.

ಈಗ ಅಕ್ಟೋಬರ್ 1871ಕ್ಕೇ ವಾಪಸ್ ಬನ್ನಿ, ಅದೇ ವಾರ ಇನ್ನೊಂದು ಊರಿಗೆ ಹೋಗಬೇಕು. ಆ ಕಾಯ್ದೆ ಬರೋಕೆ ನಾಲ್ಕು ದಿನ ಮೊದಲು, ಅಕ್ಟೋಬರ್ 8ರ ಭಾನುವಾರ ರಾತ್ರಿ, ಅಮೆರಿಕದ ಶಿಕಾಗೋ ಊರಿಗೆ ಬೆಂಕಿ ಬಿತ್ತು. ಊರಿನ ನಡುಭಾಗ ಸುಟ್ಟು ಬೂದಿಯಾಯ್ತು. ಎರಡಕ್ಕೂ ಸಂಬಂಧ ಏನಿಲ್ಲ, ಬರೀ ಕಾಕತಾಳೀಯ. ಆದ್ರೆ ಆ ಬೂದಿಯ ಮೇಲೆ ಎದ್ದ ಹೊಸ ಶಿಕಾಗೋದಲ್ಲೇ ಮುಂದೆ ಈ ಹುಟ್ಟು ಅಪರಾಧಿ ಅನ್ನೋ ಐಡಿಯಾವನ್ನ ಲೆಕ್ಕ ಹಾಕಿ ಪರೀಕ್ಷೆ ಮಾಡಿದ್ದು.

1890ರಲ್ಲಿ ಶಿಕಾಗೋ ಜನಸಂಖ್ಯೆ ಸುಮಾರು 11 ಲಕ್ಷ. 1930ರ ಹೊತ್ತಿಗೆ 33 ಲಕ್ಷ ದಾಟಿತ್ತು. ಯುರೋಪ್‌ನಿಂದ ಹಡಗು ಹಡಗು ಜನ, ಅಮೆರಿಕದ ದಕ್ಷಿಣದಿಂದ ಕಪ್ಪು ಜನ. ಬಂದವರೆಲ್ಲ ಮೊದಲು ಇಳಿಯೋದು ಎಲ್ಲಿ? ಬಾಡಿಗೆ ಕಮ್ಮಿ ಇರೋ ಕಡೆ. ಫ್ಯಾಕ್ಟರಿ ಹೊಗೆ, ಕಸಾಯಿಖಾನೆ ವಾಸನೆ, ರೈಲು ಹಳಿ ಪಕ್ಕ. ಬೆಂಗಳೂರಿಗೆ ಕೆಲಸ ಹುಡುಕಿಕೊಂಡು ಬಂದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಕ್ಲಿಫರ್ಡ್ ಶಾ, ಹೆನ್ರಿ ಮೆಕೇ. ಇಬ್ಬರೂ ಹಳ್ಳಿ ಕಡೆಯಿಂದ ಈ ಊರಿಗೆ ಬಂದವರು. ಶಾ ಪರೋಲ್ ಆಫೀಸರ್ ಆಗಿ ಕೆಲಸ ಮಾಡಿದ್ದ, ಅಂದ್ರೆ ಹುಡುಗರನ್ನ ಹತ್ತಿರದಿಂದ ನೋಡಿದ್ದ. ಶಿಕಾಗೋದಲ್ಲಿ 1899ರಲ್ಲೇ ಮಕ್ಕಳ ನ್ಯಾಯಾಲಯ ಶುರುವಾಗಿತ್ತು, ಅಮೆರಿಕದಲ್ಲಿ ಮೊದಲನೆಯದು. ಅದರ ದಾಖಲೆಗಳಿದ್ವು. ಇವರು ಮಾಡಿದ್ದು ಅಂಥ ಮ್ಯಾಜಿಕ್ ಏನಲ್ಲ. ಕೋರ್ಟಿಗೆ ಬಂದ ಪ್ರತಿ ಹುಡುಗನ ಮನೆ ವಿಳಾಸ ತಗೊಂಡು ಮ್ಯಾಪ್ ಮೇಲೆ ಒಂದೊಂದು ಚುಕ್ಕೆ ಇಟ್ಟರು. 1900ರಿಂದ 1906ರ ತನಕ ಒಂದು ಮ್ಯಾಪ್. 1917ರಿಂದ 1923ಕ್ಕೆ ಇನ್ನೊಂದು. 1927ರಿಂದ 1933ಕ್ಕೆ ಮತ್ತೊಂದು. ಆಮೇಲೆ ಆ ಏರಿಯಾದಲ್ಲಿರೋ ಹುಡುಗರ ಸಂಖ್ಯೆಯಿಂದ ಭಾಗಿಸಿದ್ರು. ಅಷ್ಟೇ. ಎಕ್ಸೆಲ್ ಇಲ್ಲದ ಕಾಲದಲ್ಲಿ.

ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಅಪರಾಧ ರಕ್ತದಲ್ಲಿದೆಯಾ ಜಾಗದಲ್ಲಿದೆಯಾ ಅಂತ ಪರೀಕ್ಷೆ ಮಾಡಬೇಕಂದ್ರೆ ಏನು ಮಾಡಬೇಕು? ಜಾಗ ಅದೇ ಇರಬೇಕು, ಜನ ಬದಲಾಗಬೇಕು. ಇಂಥ ಎಕ್ಸ್‌ಪೆರಿಮೆಂಟ್ ಯಾರೂ ಮಾಡೋಕಾಗಲ್ಲ. ಆದ್ರೆ ಶಿಕಾಗೋ ತನ್ನಷ್ಟಕ್ಕೆ ತಾನೇ ಅದನ್ನ ಮಾಡಿಬಿಟ್ಟಿತ್ತು. 1880ರ ದಶಕದಲ್ಲಿ ಆ ಅಗ್ಗದ ಏರಿಯಾಗಳಲ್ಲಿ ಇದ್ದವರು ಜರ್ಮನ್ನರು, ಐರಿಶ್, ಸ್ವೀಡನ್ ಕಡೆಯವರು. 1930ರ ಹೊತ್ತಿಗೆ ಅವರು ಕಾಸು ಮಾಡ್ಕೊಂಡು ಬೇರೆ ಕಡೆ ಹೋಗಿದ್ರು, ಆ ಮನೆಗಳಿಗೆ ಪೋಲಿಷರು, ಇಟಾಲಿಯನ್ನರು, ಕಪ್ಪು ಜನ ಬಂದಿದ್ರು. ಭಾಷೆ ಬದಲಾಯ್ತು, ಚರ್ಚ್ ಬದಲಾಯ್ತು, ಊಟದ ವಾಸನೆ ಬದಲಾಯ್ತು. ಮ್ಯಾಪ್ ಮೇಲಿನ ಚುಕ್ಕೆಗಳು ಮಾತ್ರ ಅದೇ ಜಾಗದಲ್ಲಿ ದಟ್ಟವಾಗಿದ್ವು. ಅಲ್ಲಿಂದ ಹೊರಗೆ ಹೋದ ಜರ್ಮನ್, ಐರಿಶ್ ಕುಟುಂಬಗಳ ಮಕ್ಕಳು? ಅವರಲ್ಲಿ ಕೋರ್ಟಿಗೆ ಬರೋರ ಪ್ರಮಾಣ ಕಮ್ಮಿಯಾಗಿತ್ತು. ರಕ್ತ ಅದೇ, ಪಿನ್‌ಕೋಡ್ ಬೇರೆ.

ಅದೇ ಮ್ಯಾಪ್ ಮೇಲೆ ಅವರು ಬೇರೆ ಲೆಕ್ಕಗಳನ್ನೂ ಇಟ್ಟು ನೋಡಿದ್ರು. ಎಳೆ ಮಕ್ಕಳ ಸಾವು ಎಲ್ಲಿ ಜಾಸ್ತಿ, ಕ್ಷಯ ಎಲ್ಲಿ ಜಾಸ್ತಿ. ಹೆಚ್ಚುಕಮ್ಮಿ ಅದೇ ಜಾಗ. 1942ರಲ್ಲಿ ಇದೆಲ್ಲ ದೊಡ್ಡ ಪುಸ್ತಕವಾಗಿ ಬಂತು. ಅವರ ವಿವರಣೆ ಹೀಗಿತ್ತು. ಜನ ನಿಲ್ಲದೇ ಬಂದು ಹೋಗೋ ಕಡೆ, ಯಾರಿಗೂ ಯಾರ ಪರಿಚಯವೂ ಇಲ್ಲದ ಕಡೆ, ಮಕ್ಕಳ ಮೇಲೆ ಕಣ್ಣಿಡೋ ಅಕ್ಕಪಕ್ಕದವರು ಇರಲ್ಲ. ದೊಡ್ಡ ಹುಡುಗರಿಂದ ಚಿಕ್ಕ ಹುಡುಗರು ಕಲಿತಾರೆ. ಶಾ ಒಬ್ಬ ಹುಡುಗನ ಕೈಲಿ ಅವನದೇ ಆತ್ಮಕಥೆ ಬರೆಸಿ 1930ರಲ್ಲಿ ಪ್ರಕಟ ಮಾಡಿದ. ಪುಸ್ತಕದಲ್ಲಿ ಅವನ ಹೆಸರು ಸ್ಟ್ಯಾನ್ಲಿ, ನಿಜ ಹೆಸರು ಅದಲ್ಲ. ಪೋಲಿಷ್ ಮನೆಯ ಹುಡುಗ, ಮಲತಾಯಿಯೇ ಕದ್ದು ತರೋಕೆ ಕಳಿಸ್ತಿದ್ದಳು, ಆಮೇಲೆ ಕುಡಿದು ಬಿದ್ದವರ ಜೇಬು ದೋಚೋದು ಅವನ ಕಸುಬಾಯ್ತು. ಅಪರಾಧಿಯನ್ನ ಅಳೆಯೋದು ಬಿಟ್ಟು, ಕೂರಿಸಿ ಮಾತಾಡಿಸಿದ್ರು ಅನ್ನೋದೇ ನನಗೆ ಇಲ್ಲಿ ದೊಡ್ಡ ವಿಷಯ.

ನೀವು ವರ್ಷಗಳನ್ನ ಗಮನಿಸಿದ್ರಾ? 1917, 1923, 1930. ಶಾ ಮತ್ತು ಮೆಕೇ ಶಿಕಾಗೋದಲ್ಲಿ ಚುಕ್ಕೆ ಇಡ್ತಾ ಜಾಗ ನೋಡಿ, ಜನಾಂಗ ಅಲ್ಲ ಅಂತಿದ್ದ ಅದೇ ವರ್ಷಗಳಲ್ಲಿ ಹುಬ್ಬಳ್ಳಿಯಲ್ಲಿ ಹಾಜರಿ ಕೂಗ್ತಿದ್ರು. 1924ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಆಕ್ಟನ್ನ ಇನ್ನೊಂದು ಸಲ ಒಟ್ಟುಗೂಡಿಸಿ ಹೊಸದಾಗಿ ಬರೆದ್ರು. ಮ್ಯಾಪ್ ಹಡಗು ಹತ್ತಿ ಇಲ್ಲಿಗೆ ಬರಲೇ ಇಲ್ಲ.

ಆದ್ರೆ ಶಿಕಾಗೋದವರು ಎಲ್ಲ ಸರಿ ಹೇಳಿದ್ರು ಅಂತ ನಾನು ಜೈಕಾರ ಹಾಕಲ್ಲ. ಒಂದು ದೊಡ್ಡ ತಪ್ಪು ಇದೆ. ಊರು ಒಂದು ಗಿಡದ ಥರ ತಾನಾಗೇ ಬೆಳೆಯುತ್ತೆ, ಜನ ಒಳಗಿಂದ ಹೊರಗೆ ಸರಿತಾ ಹೋಗ್ತಾರೆ ಅಂತ ಅವರು ಅಂದ್ಕೊಂಡ್ರು. ಜರ್ಮನ್ನರು ಹೋದ್ರು, ಪೋಲಿಷರೂ ಹೋದ್ರು. ಕಪ್ಪು ಜನ ಹೋಗೋಕಾಗಲಿಲ್ಲ. ಮನೆ ಮಾರೋ ಪತ್ರದಲ್ಲೇ, ಈ ಮನೆಯನ್ನ ಕಪ್ಪು ಜನರಿಗೆ ಮಾರೋ ಹಾಗಿಲ್ಲ ಅಂತ ಷರತ್ತು ಬರೀತಿದ್ರು. ಅದನ್ನ ಕೋರ್ಟುಗಳು ಜಾರಿ ಮಾಡೋ ಹಾಗಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 1948ರಲ್ಲಿ. ಜಾಗ ಜನರನ್ನ ಮಾಡುತ್ತೆ ಸರಿ, ಆ ಜಾಗಕ್ಕೆ ಬೀಗ ಹಾಕಿದ್ದು ಯಾರು ಅನ್ನೋದು ಅವರ ಮ್ಯಾಪ್‌ನಲ್ಲಿ ಇರಲಿಲ್ಲ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕುವಾಗ ನಿಮ್ಮದು ಯಾವ ಜನ ಅಂತ ಕೇಳಿಸಿಕೊಂಡವರಿಗೆ ಇದು ಇತಿಹಾಸ ಅನ್ಸಲ್ಲ.

ಇನ್ನು ರಾಬರ್ಟ್ ಮರ್ಟನ್. ಇವನ ಥಿಯರಿ ನಮ್ಮ ಜನರೇಷನ್‌ಗೆ ಬೇಗ ಅರ್ಥ ಆಗುತ್ತೆ. 1938ರಲ್ಲಿ ಬರೆದ ಒಂದು ಲೇಖನ. ಅಮೆರಿಕ ಎಲ್ಲರಿಗೂ ಒಂದೇ ಕನಸು ತೋರಿಸುತ್ತೆ, ದುಡ್ಡು ಮಾಡು, ಮೇಲೆ ಬಾ ಅಂತ. ಮೇಲೆ ಹತ್ತೋ ಮೆಟ್ಟಿಲು ಮಾತ್ರ ಎಲ್ಲರಿಗೂ ಕೊಡಲ್ಲ. ಕನಸು ಬೇಕು, ಮೆಟ್ಟಿಲು ಇಲ್ಲ, ಆಗ ಕೆಲವರು ಗೋಡೆ ಹಾರ್ತಾರೆ. ಬಡತನ ಒಂದೇ ಆದ್ರೆ ಹೀಗಾಗಲ್ಲ. ಬಡತನದ ಪಕ್ಕದಲ್ಲೇ ಆ ಕನಸನ್ನ ದಿನಾ ಕಣ್ಣಿಗೆ ಹಿಡಿದು ತೋರಿಸೋದು ಇರಬೇಕು ಅಂತಾನೆ. ಕೈಯಲ್ಲಿರೋ ಫೋನ್‌ನಲ್ಲಿ ರೀಲ್ಸ್ ತೆಗೆದು ನೋಡಿ, ಎರಡು ನಿಮಿಷದಲ್ಲಿ ಎಷ್ಟು ಐಫೋನ್, ಎಷ್ಟು ಥಾರ್, ಎಷ್ಟು ಬಾಲಿ ಟ್ರಿಪ್ ಬರುತ್ತೆ ಅಂತ. ಮರ್ಟನ್ ಹುಟ್ಟಿದ್ದು ಫಿಲಡೆಲ್ಫಿಯಾದ ಬಡ ಏರಿಯಾದಲ್ಲಿ, ಪೂರ್ವ ಯುರೋಪ್‌ನಿಂದ ಬಂದ ಯಹೂದಿ ಕುಟುಂಬದಲ್ಲಿ. ಹುಟ್ಟಿದಾಗ ಹೆಸರು ಮೇಯರ್ ಷ್ಕೋಲ್ನಿಕ್. ಹುಡುಗನಾಗಿದ್ದಾಗ ಮ್ಯಾಜಿಕ್ ಶೋ ಮಾಡ್ತಿದ್ದ, ಸ್ಟೇಜ್‌ಗೋಸ್ಕರ ಇಟ್ಕೊಂಡ ಹೆಸರೇ ಆಮೇಲೆ ಖಾಯಂ ಆಯ್ತು. ಬಡ ಏರಿಯಾದಿಂದ ಬಂದವನೇ ಬಡ ಏರಿಯಾ ಬಗ್ಗೆ ಬರೆದ ಅಪರೂಪದ ಕೇಸ್ ಇದು.

ಮರ್ಟನ್ ಥಿಯರಿ ಕೇಳಿದಾಗ ತಲೆ ಆಡಿಸಬೇಕು ಅನ್ಸುತ್ತೆ. ಆದ್ರೆ ನನ್ನ ಗೆಳೆಯನ ಓಣಿ ನೆನಪಾಗುತ್ತೆ. ಅಲ್ಲಿ ಕನಸಿತ್ತು, ಮೆಟ್ಟಿಲು ಇರಲಿಲ್ಲ. ಅವನ ಅಮ್ಮ ಬೆಳಗ್ಗೆ ನಾಲ್ಕಕ್ಕೆ ಎದ್ದು ಮಾರ್ಕೆಟ್‌ಗೆ ಹೋಗ್ತಿದ್ದರು. ಅಕ್ಕ ಟೈಲರಿಂಗ್ ಮಾಡ್ತಿದ್ದಳು. ಯಾರೂ ಗೋಡೆ ಹಾರಲಿಲ್ಲ. ಥಿಯರಿಗಳು ಕದ್ದವರನ್ನ ವಿವರಿಸೋಕೆ ಹುಟ್ಟಿದ್ದು, ಕದಿಯದೇ ಇರೋ ಇಷ್ಟೊಂದು ಜನರನ್ನ ವಿವರಿಸೋಕೆ ಯಾರಿಗೂ ಅವಸರ ಇರಲಿಲ್ಲ.

ಅವಸರ ಇದ್ದದ್ದು ಒಬ್ಬನಿಗೆ. ಎಡ್ವಿನ್ ಸದರ್ಲ್ಯಾಂಡ್. ನನ್ನ ಫೇವರಿಟ್, ಮುಚ್ಚಿಡೋದು ಯಾಕೆ. 1939ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಸಮಾಜಶಾಸ್ತ್ರಜ್ಞರ ದೊಡ್ಡ ಸಭೆ, ಇವನೇ ಅಧ್ಯಕ್ಷ. ಎದ್ದು ನಿಂತು ಹೇಳಿದ್ದರ ಸಾರಾಂಶ ಇಷ್ಟು: ನಾವು ಇಷ್ಟು ದಿನ ಬಡತನವೇ ಅಪರಾಧಕ್ಕೆ ಕಾರಣ ಅಂತ ಹೇಳ್ತಾ ಬಂದಿದ್ದೀವಿ, ಅದು ತಪ್ಪು, ಯಾಕಂದ್ರೆ ನಾವು ಲೆಕ್ಕ ಹಾಕಿದ್ದು ಬಡವರ ಅಪರಾಧ ಮಾತ್ರ. ಪೊಲೀಸ್ ಠಾಣೆ, ಜೈಲು, ಮಕ್ಕಳ ಕೋರ್ಟು, ಈ ರಿಜಿಸ್ಟರ್‌ಗಳಲ್ಲಿ ಕಂಪನಿ ಮಾಲೀಕರ ಹೆಸರು ಬರಲ್ಲ. ಅವರ ಕೇಸುಗಳು ಬೇರೆ ಬೇರೆ ಆಯೋಗಗಳ ಮುಂದೆ ಹೋಗಿ, ದಂಡ, ಎಚ್ಚರಿಕೆ ಅಂತ ಮುಗಿದುಹೋಗುತ್ತೆ. ವೈಟ್ ಕಾಲರ್ ಕ್ರೈಮ್ ಅನ್ನೋ ಮಾತು ಚಾಲ್ತಿಗೆ ಬಂದಿದ್ದೇ ಆ ಭಾಷಣದಿಂದ.

ಹತ್ತು ವರ್ಷ ಆದಮೇಲೆ, 1949ರಲ್ಲಿ, ಅವನ ಪುಸ್ತಕ ಬಂತು. ಅಮೆರಿಕದ 70 ದೊಡ್ಡ ಕಂಪನಿಗಳನ್ನ ತಗೊಂಡು ಅವುಗಳ ವಿರುದ್ಧ ಬಂದ ತೀರ್ಪುಗಳನ್ನ ಎಣಿಸಿದ್ದ. 980. ಸರಾಸರಿ ಒಂದು ಕಂಪನಿಗೆ 14. ಎಪ್ಪತ್ತರಲ್ಲಿ ಒಂದೂ ಕ್ಲೀನ್ ಇರಲಿಲ್ಲ. ಇದೇ ಲೆಕ್ಕ ಒಬ್ಬ ಸ್ಲಂ ಹುಡುಗನ ಮೇಲಿದ್ದಿದ್ರೆ ಅವನನ್ನ ಏನಂತ ಕರೀತಿದ್ರು? ಬಾಡಿಗೆ ತಿರುಗಿಸೋ ಚಟ ಇರೋ ಅಪರಾಧಿ ಅಂತ. ಮಜಾ ಏನಂದ್ರೆ, ಕಂಪನಿಗಳು ಕೇಸ್ ಹಾಕಬಹುದು ಅಂತ ಪಬ್ಲಿಷರ್ ಹೆದರಿ ಎಲ್ಲ ಕಂಪನಿಗಳ ಹೆಸರು ತೆಗೆಸಿದ್ರು. ಹೆಸರಿರೋ ಪೂರ್ತಿ ಪುಸ್ತಕ ಬಂದಿದ್ದು 1983ರಲ್ಲಿ, ಅವನು ಸತ್ತು ಮೂವತ್ತಕ್ಕೂ ಹೆಚ್ಚು ವರ್ಷ ಆದಮೇಲೆ. ಹುಬ್ಬಳ್ಳಿಯಲ್ಲಿ ಇಡೀ ಸಮುದಾಯದ ಹೆಸರನ್ನ ಗೆಜೆಟ್‌ನಲ್ಲಿ ಹಾಕೋಕೆ ಯಾರಿಗೂ ಹೆದರಿಕೆ ಆಗಿರಲಿಲ್ಲ.

ಸದರ್ಲ್ಯಾಂಡ್ ಪ್ರಕಾರ ಅಪರಾಧ ಕಲಿಯೋ ವಿಷಯ, ಭಾಷೆ ಕಲಿತ ಹಾಗೆ. ಜೊತೆಗಿರೋರಿಂದ ಟೆಕ್ನಿಕ್ ಕಲಿತೀವಿ, ಅದಕ್ಕಿಂತ ಮುಖ್ಯವಾಗಿ, ಇದೆಲ್ಲ ನಡೆಯುತ್ತೆ ಬಿಡು ಅನ್ನೋ ಸಮರ್ಥನೆ ಕಲಿತೀವಿ. ಇದು ಓಣಿಯ ಕಟ್ಟೆ ಮೇಲೂ ಆಗುತ್ತೆ, ಬೋರ್ಡ್ ರೂಮ್‌ನಲ್ಲೂ ಆಗುತ್ತೆ.

ಇಲ್ಲಿ ನನ್ನದೂ ಒಂದು ಇದೆ, ಹೇಳದೇ ಇದ್ರೆ ಈ ಎಪಿಸೋಡ್ ಸುಳ್ಳಾಗುತ್ತೆ. ಡಿಗ್ರಿಯಲ್ಲಿ ಕಾಲೇಜ್ ಫೆಸ್ಟ್‌ಗೆ ನಾನು ಅಕೌಂಟ್ಸ್ ಕಮಿಟಿಯಲ್ಲಿದ್ದೆ. ಸೀನಿಯರ್ ಒಬ್ಬ ಕಲಿಸಿಕೊಟ್ಟ, ಖಾಲಿ ಬಿಲ್ ಬುಕ್ ಎಲ್ಲಿ ಸಿಗುತ್ತೆ, ಪೆಟ್ರೋಲ್ ಬಿಲ್ ಹೇಗೆ ಬರೀಬೇಕು ಅಂತ. ನಾನು 1,400 ರೂಪಾಯಿ ಹೊಡೆದೆ. ಎಲ್ಲರೂ ಮಾಡ್ತಾರೆ ಅಂದ್ಕೊಂಡೆ. ಆ 1,400 ರೂಪಾಯಿಗೆ ಮೂರು ಕ್ಯಾಲ್ಕುಲೇಟರ್ ಬರ್ತಿತ್ತು. ನನ್ನ ಮನೆ ವಿಳಾಸ ಯಾವ ಮ್ಯಾಪ್ ಮೇಲೂ ಚುಕ್ಕೆ ಆಗಲಿಲ್ಲ.

1950ರ ದಶಕದ ಕೊನೆಗೆ ಅಮೆರಿಕದಲ್ಲಿ ಜೇಮ್ಸ್ ಶಾರ್ಟ್, ಇವಾನ್ ನೈ ಅನ್ನೋ ಇಬ್ಬರು ಇದನ್ನೇ ಮಾಡಿದ್ರು. ಕೋರ್ಟ್ ದಾಖಲೆ ಬಿಟ್ಟು, ಹೈಸ್ಕೂಲ್ ಮಕ್ಕಳನ್ನೇ ಹೆಸರು ಬರೆಸದೇ ಕೇಳಿದ್ರು, ನೀವು ಏನೇನು ಮಾಡಿದ್ದೀರಿ ಅಂತ. ಶ್ರೀಮಂತರ ಮಕ್ಕಳಿಗೂ ಬಡವರ ಮಕ್ಕಳಿಗೂ ಇರೋ ಅಂತರ, ಕೋರ್ಟ್ ದಾಖಲೆ ತೋರಿಸಿದ್ದಕ್ಕಿಂತ ತೀರಾ ಚಿಕ್ಕದಾಗಿತ್ತು. ಹಾಗಂತ ಬಡ ಏರಿಯಾದಲ್ಲಿ ಕೊಲೆ, ಚಾಕು, ದರೋಡೆ ಜಾಸ್ತಿ ಇಲ್ಲವೇ ಇಲ್ಲ ಅಂತ ಅಲ್ಲ. ಹಿಂಸೆಯ ವಿಷಯದಲ್ಲಿ ಅದು ಎಷ್ಟೋ ಊರುಗಳಲ್ಲಿ ನಿಜ, ಅದರ ಏಟು ತಿನ್ನೋರೂ ಅದೇ ಏರಿಯಾದ ಬಡವರು. ಇದನ್ನ ಒಪ್ಪಿಕೊಳ್ಳದೆ ಬರೀ ಎಲ್ಲ ಪೊಲೀಸರ ತಪ್ಪು ಅನ್ನೋರ ಜೊತೆ ನಾನಿಲ್ಲ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. 1982ರಲ್ಲಿ ವಿಲ್ಸನ್ ಮತ್ತು ಕೆಲಿಂಗ್ ಅನ್ನೋರು ಒಡೆದ ಕಿಟಕಿ ಥಿಯರಿ ತಂದ್ರು. ಒಂದು ಒಡೆದ ಗಾಜು ಹಾಗೇ ಬಿಟ್ರೆ ಇಲ್ಲಿ ಕೇಳೋರಿಲ್ಲ ಅಂತ ಎಲ್ಲ ಗಾಜೂ ಒಡೀತಾರೆ, ಹಾಗಾಗಿ ಚಿಕ್ಕ ತಪ್ಪನ್ನೂ ಬಿಡಬೇಡಿ ಅಂತ. 1990ರ ದಶಕದಲ್ಲಿ ನ್ಯೂಯಾರ್ಕ್ ಪೊಲೀಸರು ಇದನ್ನ ತಲೆ ಮೇಲೆ ಹೊತ್ಕೊಂಡ್ರು. ಅಪರಾಧ ಇಳೀತು, ಆದ್ರೆ ಈ ಥಿಯರಿ ಪಾಲಿಸದ ಊರುಗಳಲ್ಲೂ ಇಳೀತು, ಜಗಳ ಇನ್ನೂ ಮುಗಿದಿಲ್ಲ. 1997ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಮತ್ತೆ ಶಿಕಾಗೋಗೇ ಹೋದ್ರು. 343 ಏರಿಯಾ, 8,782 ಜನ. ಕೇಳಿದ ಪ್ರಶ್ನೆಗಳು ನಮ್ಮ ಓಣಿಯ ಅಜ್ಜಿಗೆ ಅರ್ಥ ಆಗೋವಂಥವು. ನಿಮ್ಮ ಬೀದಿಯಲ್ಲಿ ಮಕ್ಕಳು ಸ್ಕೂಲ್ ತಪ್ಪಿಸಿ ತಿರುಗ್ತಿದ್ರೆ ಯಾರಾದ್ರೂ ಕೇಳ್ತಾರಾ? ಅಂದ್ರೆ, ಏ ಯಾರ ಮಗನೋ ನೀನು, ಇಲ್ಲೇನ್ ಮಾಡ್ತಿದ್ದೀಯಾ ಅನ್ನೋರು ಇದ್ದಾರಾ ಅಂತ. ಅಂಥವರು ಇರೋ, ಒಬ್ಬರನ್ನೊಬ್ಬರು ನಂಬೋ ಏರಿಯಾಗಳಲ್ಲಿ ಹಿಂಸೆ ಕಮ್ಮಿ ಇತ್ತು. ಬಡತನದ ಲೆಕ್ಕ ಬೇರೆ ತೆಗೆದಿಟ್ಟು ನೋಡಿದ್ರೂ.

ಹುಬ್ಬಳ್ಳಿಗೆ ವಾಪಸ್ ಬರ್ತೀನಿ. ಸ್ವಾತಂತ್ರ್ಯ ಬಂದಮೇಲೆ ಅಯ್ಯಂಗಾರ್ ಸಮಿತಿ ಕೂತಿತು, 1950ರಲ್ಲಿ ವರದಿ ಕೊಟ್ಟಿತು. ಮದ್ರಾಸ್ 1947ರಲ್ಲಿ, ಬಾಂಬೆ 1949ರಲ್ಲಿ ತಮ್ಮ ಮಟ್ಟಿಗೆ ಕಾಯ್ದೆ ತೆಗೆದಿದ್ವು. ಇಡೀ ದೇಶಕ್ಕೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕೆ. ಆ ದಿನವನ್ನ ಈ ಸಮುದಾಯಗಳು ವಿಮುಕ್ತ ದಿನ ಅಂತ ಆಚರಿಸ್ತಾರೆ. ದೇಶಕ್ಕೆ ಆಗಸ್ಟ್ 15, ಇವರಿಗೆ ಐದು ವರ್ಷ ಹದಿನಾರು ದಿನ ಲೇಟ್. ಅದರ ಜಾಗಕ್ಕೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದ್ವು. ಕಾಗದದ ಮೇಲೆ ಅದು ಸಮುದಾಯಕ್ಕಲ್ಲ, ವ್ಯಕ್ತಿಗೆ. ಆದ್ರೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಜೈಲುಗಳಲ್ಲಿನ ಜಾತಿ ತಾರತಮ್ಯದ ಬಗ್ಗೆ ತೀರ್ಪು ಕೊಡುವಾಗ, ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಈ ವಿಮುಕ್ತ ಸಮುದಾಯಗಳನ್ನ ಇನ್ನೂ ರೂಢಿಗತ ಅಪರಾಧಿಗಳ ಜೊತೆ ಸೇರಿಸಿ ಬರೆದಿದ್ದನ್ನ ತೆಗೆದುಹಾಕಬೇಕಾಯ್ತು. 1871ರ ವಾಕ್ಯಗಳು 2024ರ ತನಕ ನಡೆದು ಬಂದಿದ್ವು.

ರೆಕಾರ್ಡ್ ಮಾಡೋಕೆ ಮೊದಲು ಆ ಗೆಳೆಯನಿಗೆ ಫೋನ್ ಮಾಡಿದ್ದೆ. ಈಗ ಪುಣೆಯಲ್ಲಿದ್ದಾನೆ, ಒಂದು ಕಂಪನಿಯಲ್ಲಿ ಜಿಎಸ್‌ಟಿ ಕೆಲಸ ನೋಡ್ಕೊಳ್ತಾನೆ. ಕ್ಯಾಲ್ಕುಲೇಟರ್ ಕಥೆ ಹೇಳ್ಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, ಹೇಳಲೇ, ಹೆಸರು ಹಾಕಬ್ಯಾಡ ಅಷ್ಟ, ಅಂದ. ನಾಲ್ಕನೇ ಬೆಂಚ್ ಅಂತ ನಾನು ಅಂದಾಗ, ನಾಲ್ಕನೇದಲ್ಲ, ಮೂರನೇದು, ಅಂತ ತಿದ್ದಿದ. ಮತ್ತ ನನ್ನ ಟಿಫಿನ್ ಡಬ್ಬಿನೂ ತೆಗಿಸಿ ನೋಡಿದ್ರು, ಅದು ನಿನಗ ನೆನಪಿಲ್ಲೇನು?

ನನಗೆ ನೆನಪಿರಲಿಲ್ಲ.

ಮುಂದಿನ ವಾರ ಬೇರೆ ಕಥೆ ತರ್ತೀನಿ. ನಿಮ್ಮ ಊರಲ್ಲೂ ಸೆಟ್ಲಮೆಂಟ್ ಅನ್ನೋ ಏರಿಯಾ ಇದ್ರೆ, ಅಲ್ಲಿನ ಹಿರಿಯರು ಹಾಜರಿ ದಿನಗಳ ಬಗ್ಗೆ ಏನಾದ್ರೂ ಹೇಳಿದ್ರೆ, ವಾಯ್ಸ್ ನೋಟ್ ಕಳಿಸಿ. ಕೇಳ್ತೀನಿ.